ಪಾಪಯ್ಯನ ಸೋಮವಾರ

ನಂಬುವುದು ಬಿಡುವುದು ನಿಮಗೆ ಸೇರಿದ್ದು. ನಾನು ಕಂಡದ್ದನ್ನು, ಅವರಿಬ್ಬರ ಬಾಯಿಂದ ಕೇಳಿದ್ದನ್ನು ಹೇಳುತ್ತೇನೆ.

ಎಪ್ಪತ್ತೊಂದನೇ ಇಸವಿ. ಕುಂದಾಣದ ಹತ್ತಿರ ನಮ್ಮೂರು. ನನ್ನ ದೊಡ್ಡಪ್ಪನ ಮಗ ಮುನಿವೆಂಕಟಪ್ಪ, ಅವನ ಭಾವಮೈದ ಬೈರಣ್ಣ, ಇಬ್ಬರೂ ದೇವನಹಳ್ಳಿಯಲ್ಲಿ ಕೊನೇ ಬಸ್ಸು ತಪ್ಪಿಸಿಕೊಂಡು ನಡೆದು ಬರುತ್ತಿದ್ದರು. ಆಲದಮರ ದಾಟಿದ್ದರಷ್ಟೆ... ಬಾವಿಯ ಕಡೆಯಿಂದ ಸದ್ದು.

ಡುಗ್... ಡುಗ್... ಡುಗ್...

ಅವರದೇ ಡೀಸೆಲ್ ಎಂಜಿನ್ನು.

"ಹ್ಯಾಂಡ್ಲು ಎಲ್ಲೈತೆ ಭಾವ?" ಬೈರಣ್ಣ ಪಿಸುಗುಟ್ಟಿದ.

"ಮನೇಲಿ. ಮಂಚದ ಕೆಳಗೆ."

ಹ್ಯಾಂಡಲ್ ಹಾಕಿ ತಿರುಗಿಸದೆ ಆ ಎಂಜಿನ್ನು ಹೊರಡುತ್ತಿರಲಿಲ್ಲ.

ಬಾವಿ, ಎಂಜಿನ್ನು ಮೂವರ ಪಾಲಿನದು. ಮೂರನೆಯವನು ಪಾಪಯ್ಯ, ಸೋಮವಾರದ ನೀರು ಅವನ ಸರದಿ. ಹಿಂದಿನ ವರ್ಷ ಅದೇ ಎಂಜಿನ್ನಿನ ಬೆಲ್ಟಿಗೆ ಸಿಕ್ಕಿ ಸತ್ತ. ಅವನ ಸೋಮವಾರವನ್ನು ಇವರಿಬ್ಬರೂ ಹಂಚಿಕೊಂಡರು. ಪಾಪಯ್ಯನ ಹೆಂಡತಿ ಅಂಜಿನಮ್ಮ ಬದನೆ ಗಿಡ ಬಾಡ್ತಾವೆ ಅಂತ ಕೇಳಲು ಹೋದಾಗ, ಹ್ಯಾಂಡ್ಲು ತಿರುಗ್ಸಕ್ಕೆ ನಿಮ್ಮನೇಲಿ ಗಂಡಸು ಎಲ್ಲವ್ನೆ ಅಂದಿದ್ದ ಬೈರಣ್ಣ.

ಅವತ್ತು ಸೋಮವಾರ.

ಶೆಡ್ಡಿನಲ್ಲಿ ಯಾರೂ ಇಲ್ಲ. ಮುನಿವೆಂಕಟಪ್ಪ ನಿಲ್ಲಿಸುವ ಲಿವರು ಒತ್ತಿದ. ನಿಲ್ಲಲಿಲ್ಲ. ಡೀಸೆಲ್ ಬರುವ ನಲ್ಲಿ ಮುಚ್ಚಿದ, ಪೈಪನ್ನೇ ಕಿತ್ತ. ಎಣ್ಣೆ ನೆಲಕ್ಕೆ ಸುರಿಯಿತು... ಡುಗ್ ಡುಗ್ ಡುಗ್. ಇನ್ನೂ ಜೋರು.

"ಉಸಿರು ಕಟ್ಟಿದ್ರೆ ಸಾಯ್ತದೆ," ಅಂದ ಬೈರಣ್ಣ. ಒದ್ದೆ ಗೋಣಿಚೀಲ ತಂದು ಎಂಜಿನ್ನು ಗಾಳಿ ಎಳೆಯುವ ಬಾಯಿಗೆ ತುರುಕಿದ.

ಘೊರ್ರ್... ನಿಂತಿತು.

ಅವನು ಕೈ ತೆಗೆಯುವುದರೊಳಗೆ ಮತ್ತೆ ಹೊರಟಿತು. ಚೀಲ ಎಗರಿ ಬಿತ್ತು. ಬೆಲ್ಟು ಅವನ ಮುಂಗೈ ಹಿಡಿಯಿತು. ಲಟಕ್... ಹಸಿ ಕಬ್ಬು ಮುರಿದ ಸದ್ದು. ಗೋಡೆಗೆಲ್ಲ ರಕ್ತ ಎರಚಿತು.

ಮುನಿವೆಂಕಟಪ್ಪ ಶೆಡ್ಡಿನಲ್ಲಿದ್ದ ಮಚ್ಚು ತೆಗೆದು ಬೆಲ್ಟು ಕಡಿದ. ಬೆಲ್ಟು ತುಂಡಾಗಿ ಬಿತ್ತು.

ಆದರೂ ಬೈರಣ್ಣನ ಕೈ ಚಕ್ರದ ಕಡೆಗೆ ಹೋಗುತ್ತಲೇ ಇತ್ತು. ಹಿಡಿದದ್ದು ಯಾವುದೂ ಕಾಣಿಸುತ್ತಿರಲಿಲ್ಲ. ಮೊಣಕೈವರೆಗೆ ಒಳಕ್ಕೆ ಹೋಯಿತು. ಅವನ ಕಿರುಚಾಟಕ್ಕೇ ನಾನು ಲಾಟೀನು ಹಿಡಿದು ಓಡಿದ್ದು. ನನಗಿಂತ ಮುಂದೆ ಅಂಜಿನಮ್ಮ.

"ಕೈ ಕಡಿ ಭಾವ... ಕಡಿ..."

ಮುನಿವೆಂಕಟಪ್ಪ ಮಚ್ಚು ಎತ್ತಿದ. ಅಂಜಿನಮ್ಮ ಅವನ ರಟ್ಟೆ ಹಿಡಿದಳು.

"ಸೋಮವಾರ ಯಾರ್ದು?"

"ನಿಂದೇ ಅಕ್ಕಾ... ನಿಂದೇ," ಬೈರಣ್ಣ ಅರಚಿದ.

ಅವಳು ಎಂಜಿನ್ನಿನ ಕಡೆ ತಿರುಗಿದಳು. ಯಾವುದನ್ನೂ ಮುಟ್ಟಲಿಲ್ಲ. ಮನೆಯಲ್ಲಿ ಗಂಡನಿಗೆ ಹೇಳುವಂತೆ ಮೆಲ್ಲಗೆ ಅಂದಳು:

"ಸಾಕು ಬುಡು. ನೀರು ಬಂತು."

ಡುಗ್... ಡುಗ್...

ಡುಗ್.

ನಿಂತಿತು.

ಬೈರಣ್ಣ ಬದುಕಿದ. ಮೊಣಕೈ ಕೆಳಗೆ ಏನೂ ಉಳಿಯಲಿಲ್ಲ. ಅಲ್ಲಿಂದಾಚೆಗೆ ಸೋಮವಾರದ ನೀರನ್ನು ಯಾರೂ ಮುಟ್ಟಲಿಲ್ಲ, ಅಂಜಿನಮ್ಮ ಒಬ್ಬಳನ್ನು ಬಿಟ್ಟು.

ಅವನನ್ನು ಗಾಡಿಗೆ ಎತ್ತುವಾಗ ಎಣ್ಣೆಯಲ್ಲಿ ಕಾಲು ಜಾರಿ ನಾನು ಎಂಜಿನ್ನಿನ ಮೇಲೆ ಕೈ ಊರಿದೆ. ಅಷ್ಟು ಹೊತ್ತು ಓಡಿದ ಕಬ್ಬಿಣ, ಚರ್ಮ ಸುಲಿಯಬೇಕಿತ್ತು.

ತಣ್ಣಗಿತ್ತು. ಇದೇ ಕೈ ಊರಿದ್ದು ನಾನು.