‘ಸಮ ಇಲ್ಲೆ’ ಎಂಬ ಮಾತು

ಈ ಸಭೆಯನ್ನು ನಡೆಸಿಕೊಡುತ್ತಿರುವ ಮಹಿಳಾ ಮಂಡಲದ ಅಧ್ಯಕ್ಷೆ ಶ್ರೀಮತಿ ಹರಿಣಾಕ್ಷಿಯವರೇ, ಮುಖ್ಯ ಅತಿಥಿಗಳಾಗಿ ಬಂದಿರುವ ಹೋಟೆಲ್ ಉದ್ಯಮಿ ಶ್ರೀ ಲೀಲಾಧರ ಶೆಟ್ಟರೇ, ಬೆಳಿಗ್ಗೆಯಿಂದ ಒಲೆಯ ಮುಂದೆ ನಿಂತು ಈಗ ಫ್ಯಾನಿನ ಕೆಳಗೆ ಜಾಗ ಹುಡುಕಿಕೊಂಡು ಕುಳಿತಿರುವ ಸ್ಪರ್ಧಾಳುಗಳೇ, ಬಸ್ರೂರಿನ ಸಮಸ್ತ ಸಭಿಕರೇ,

ನನಗೆ ಶಾಲು ಹೊದಿಸಿದ್ದೀರಿ. ಸನ್ಮಾನಪತ್ರದಲ್ಲಿ ‘ಅಸಲಿ ಇಟಾಲಿಯನ್ ಪಾಕಪ್ರವೀಣ ಶ್ರೀ ಚಂದ್ರ ಖಾರ್ವಿ’ ಎಂದು ಬರೆಸಿದ್ದೀರಿ. ಹೆಮ್ಮಾಡಿಯ ಹತ್ತಿರ ಹೊಳೆಯ ದಂಡೆಯಲ್ಲಿ ಹುಟ್ಟಿ, ಎಂಟನೇ ತರಗತಿಗೆ ಶಾಲೆ ಬಿಟ್ಟು, ಮುಂಬೈಯ ಕ್ಯಾಂಟೀನಿನಲ್ಲಿ ಪಾತ್ರೆ ತಿಕ್ಕಿ, ಆಮೇಲೆ ಇಟಲಿಯವರ ಪ್ರಯಾಣಿಕ ಹಡಗಿನ ಅಡುಗೆಮನೆಯಲ್ಲಿ ಇಪ್ಪತ್ತಮೂರು ವರ್ಷ ಕಳೆದವನಿಗೆ ಇದು ದೊಡ್ಡ ಗೌರವ. ಇವತ್ತಿನ ‘ಮನೆಯಲ್ಲೇ ಇಟಲಿ’ ಸ್ಪರ್ಧೆಗೆ ನನ್ನನ್ನೇ ತೀರ್ಪುಗಾರನನ್ನಾಗಿ ಮಾಡಿದ್ದೀರಿ. ಮನೆಯಲ್ಲಿ ಇಟಲಿಯ ಅಡುಗೆ ಮಾಡುವಾಗ ಅಸಲಿತನ ಮುಖ್ಯವೇ ಎಂಬ ವಿಷಯದ ಮೇಲೆ ಹತ್ತು ನಿಮಿಷ ಮಾತಾಡಿ ಎಂದಿದ್ದೀರಿ. ಮುಖ್ಯ ಎಂದು ಬರೆದುಕೊಂಡು ಬಂದಿದ್ದೇನೆ. ಆ ಕಾಗದ ಜೇಬಿನಲ್ಲೇ ಇದೆ.

ಮುಖ್ಯ ಅಲ್ಲ ಎಂದು ಯಾರು ಹೇಳಿಯಾರು? ಎರಡು ವರ್ಷದ ಹಿಂದೆ ಮುಂಬೈಯ ಒಂದು ಹೋಟೆಲಿನಲ್ಲಿ ‘ಕುಂದಾಪುರ ಕೋಳಿ’ ಎಂದು ತಂದಿಟ್ಟರು. ಗೇರುಬೀಜ ಅರೆದು, ಮೇಲೆ ಕೆನೆ ಸುರಿದು, ಸಕ್ಕರೆ ಬೇರೆ ಹಾಕಿದ್ದರು. ನನಗೆ ಮೈ ಉರಿದು ಹೋಯಿತು. ನಮ್ಮ ಊರಿನ ಹೆಸರು ಇಟ್ಟ ಮೇಲೆ ನಮ್ಮ ಊರಿನ ಮಸಾಲೆ ಬೇಡವೇ? ಕೊತ್ತಂಬರಿ, ಮೆಂತೆ, ಬ್ಯಾಡಗಿ ಮೆಣಸು ಹುರಿದ ಪರಿಮಳ ಬೇಡವೇ? ನನಗೆ ಹಾಗೆ ಅನ್ನಿಸುವುದಾದರೆ ಇಟಲಿಯವನಿಗೂ ಅನ್ನಿಸಬೇಕಲ್ಲ? ಲೀಲಾಧರ ಶೆಟ್ಟರು ನಗುತ್ತಿದ್ದಾರೆ. ಅವರ ಹೋಟೆಲಿನ ಹೆಸರು ನಾನು ಹೇಳಿಲ್ಲ.

ಹಡಗಿನಲ್ಲಿ ನಮ್ಮ ದೊಡ್ಡ ಅಡುಗೆಯವನ ಹೆಸರು ಎಟ್ಟೊರೆ. ಜಿನೋವಾ ಕಡೆಯವನು. ಅವರಲ್ಲಿ ಒಂದು ಅಡುಗೆ ಇದೆ. ನಮ್ಮ ಹೊಳೆಯಲ್ಲಿ ಸಿಗುವ ಮಳಿಯಂಥದೇ ಚಿಪ್ಪುಮೀನು, ಬೆಳ್ಳುಳ್ಳಿ, ಒಣಮೆಣಸು, ಎಣ್ಣೆ, ಉದ್ದನೆಯ ಗೋಧಿ ಶ್ಯಾವಿಗೆ. ಅಷ್ಟೇ. ಅದರ ಮೇಲೆ ಚೀಸ್ ಹಾಕಬಾರದು. ಮೀನಿಗೂ ಚೀಸಿಗೂ ಆಗಿಬರುವುದಿಲ್ಲ ಎಂಬುದು ಅವರ ಕಟ್ಟಳೆ. ಹೊಸತರಲ್ಲಿ ಯಾರೋ ಪ್ರಯಾಣಿಕರು ಕೇಳಿದರೆಂದು ನಾನು ಒಂದು ಚಮಚ ಉದುರಿಸಿ ಕಳಿಸಿದೆ. ಎಟ್ಟೊರೆ ಆ ತಟ್ಟೆಯನ್ನು ಬಾಗಿಲಲ್ಲೇ ತಡೆದ. ಮೂರು ದಿನ ನನ್ನನ್ನು ಪಾತ್ರೆ ತಿಕ್ಕಲು ಹಾಕಿದ. ಆಮೇಲೆ ನಾನು ತಪ್ಪಲಿಲ್ಲ. ನೀರಿನ ಉಪ್ಪು, ಶ್ಯಾವಿಗೆಯ ಬಿಗಿ, ಬೇಯಿಸಿದ ಗಂಜಿತಿಳಿಯಲ್ಲಿ ಎಷ್ಟು ಉಳಿಸಿಕೊಳ್ಳಬೇಕು, ಎಲ್ಲ ಕಲಿತೆ. ಹನ್ನೆರಡನೇ ವರ್ಷಕ್ಕೆ ಅವನ ಬಲಗೈಯಾದೆ.

ಆ ವರ್ಷ ಹಡಗು ಜಿನೋವಾದಲ್ಲಿ ನಾಲ್ಕು ದಿನ ನಿಂತಿತು. ಎಟ್ಟೊರೆ ನನ್ನನ್ನು ತನ್ನ ಮನೆಗೆ ಊಟಕ್ಕೆ ಕರೆದ. ಅವನ ಹೆಂಡತಿ ತುಸು ಕುಂಟುತ್ತ ಬಂದು ಬಡಿಸಿದಳು. ಅದೇ ಚಿಪ್ಪುಮೀನಿನ ಅಡುಗೆ. ಶ್ಯಾವಿಗೆ ಬೆಂದು ಮುದ್ದೆಯಾಗಿತ್ತು. ಅದರ ಮೇಲೆ ಅವಳು ಚೀಸ್ ತುರಿದು ಒಂದು ಗುಡ್ಡೆ ಹಾಕಿದಳು. ನಾನು ಎಟ್ಟೊರೆಯ ಮುಖ ನೋಡಿದೆ. ಅವನು ತಟ್ಟೆ ಬಳಿದು ತಿಂದ. ಇನ್ನೊಂದು ಸಲ ಹಾಕಿಸಿಕೊಂಡ. ತಿರುಗಿ ಬರುವಾಗ ದಾರಿಯಲ್ಲಿ ಕೇಳಿದೆ, ನನಗೆ ಪಾತ್ರೆ ತಿಕ್ಕಿಸಿದೆಯಲ್ಲ, ಇವಳಿಗೆ ಏನೂ ಹೇಳಲಿಲ್ಲವೇಕೆ ಎಂದು. ಅವನು ಹೇಳಿದ, “ಹಡಗಿನಲ್ಲಿ ನಾನು ಅಡುಗೆಯವನು. ವರ್ಷಕ್ಕೆ ಎರಡು ತಿಂಗಳು ನನಗೆ ಒಬ್ಬರು ಅಡುಗೆ ಮಾಡಿ ಬಡಿಸುತ್ತಾರೆ. ಅದರಲ್ಲಿ ತಪ್ಪು ಹುಡುಕಲು ನನಗೇನು ಹುಚ್ಚೇ?”

ಸಭಿಕರೇ, ಈ ಕತೆಯನ್ನು ನಾನು ಇಲ್ಲಿಯವರೆಗೆ ಯಾರಿಗೂ ಹೇಳಿಲ್ಲ. ಯಾಕೆ ಹೇಳಿಲ್ಲ ಎಂಬುದನ್ನೂ ಹೇಳಬೇಕಾಗುತ್ತದೆ.

ಅದಾದ ಆರು ತಿಂಗಳಿಗೆ ನಾನು ರಜೆಯಲ್ಲಿ ಊರಿಗೆ ಬಂದೆ. ನನ್ನ ಹೆಂಡತಿ ಜಲಜ ಒಂದು ಭಾನುವಾರ ನೀರು ಇಳಿದ ಹೊತ್ತಿಗೆ ಹೊಳೆಗಿಳಿದು, ಸೊಂಟದವರೆಗೆ ನೆನೆದು, ಒಂದು ಬುಟ್ಟಿ ಮಳಿ ಹೆಕ್ಕಿ ತಂದಳು. ಗೋಧಿ ಶ್ಯಾವಿಗೆ ಆಗ ನಮ್ಮ ಕಡೆ ಎಲ್ಲಿ ಸಿಗಬೇಕು? ಅಕ್ಕಿ ನೆನೆಸಿ ಅರೆದು, ಬೇಯಿಸಿ, ಮರದ ಮಣೆಯಲ್ಲಿ ಒತ್ತಿ ಶ್ಯಾವಿಗೆ ಮಾಡಿದಳು. ನಾನು ಫೋನಿನಲ್ಲಿ ಯಾವಾಗಲೋ ಹೇಳಿದ್ದನ್ನೆಲ್ಲ ನೆನಪಿಟ್ಟುಕೊಂಡು ಬೆಳ್ಳುಳ್ಳಿ, ಒಣಮೆಣಸನ್ನು ತೆಂಗಿನೆಣ್ಣೆಯಲ್ಲಿ ಹುರಿದಳು. ಮೇಲೆ ಹಸಿ ತೆಂಗಿನಕಾಯಿ ತುರಿ ಉದುರಿಸಿದಳು. “ಹ್ವಾಯ್, ಬನಿ. ಇವತ್ತ್ ನಿಮ್ ಹಡಗಿನ್ ಊಟ. ಸಮ ಇತ್ತಾ ಕಾಣಿ” ಎಂದಳು. ಮಗಳು ಪ್ರಣೀತಾ ಪಕ್ಕದಲ್ಲೇ ಕುಳಿತಿದ್ದಳು.

ಕಾಯಿತುರಿ ಎಂತಕ್ಕೆ ಎಂದು ಕೇಳಿದೆ. “ಚೀಸ್ ಸಿಕ್ಕಿಲ್ಲೆ. ಅದ್ಕೆ ಇದ್ ಹಾಕ್ದೆ” ಎಂದಳು. ಹಾಕಲೇಬಾರದ ಚೀಸಿನ ಬದಲಿಗೆ ಅವಳು ಕಾಯಿ ಹಾಕಿದ್ದಳು. ನಾನು ಒಂದು ತುತ್ತು ತಿಂದೆ. ನಿಮ್ಮೆದುರು ಸುಳ್ಳು ಹೇಳಲಾರೆ, ರುಚಿಯಾಗಿತ್ತು. ತಟ್ಟೆಯನ್ನು ಪಕ್ಕಕ್ಕೆ ಸರಿಸಿ, “ಸಮ ಇಲ್ಲೆ” ಎಂದೆ. ಹೊರಗಿನಿಂದ ಬಂದವರಿಗೆ ಹೇಳುತ್ತೇನೆ, ನಮ್ಮ ಕಡೆ ಸಮ ಎಂದರೆ ಸರಿ. ಲೆಕ್ಕಕ್ಕೂ ಸಮ, ಅಡುಗೆಗೂ ಸಮ, ಮನುಷ್ಯನಿಗೂ ಸಮ. ಸಮ ಇಲ್ಲ ಎಂದ ಮೇಲೆ ಮತ್ತೆ ಮಾತಿಲ್ಲ. ಅರ್ಧ ಗಂಟೆ ಪಾಠ ಹೇಳಿದೆ. ಅವಳು ನಿಂತುಕೊಂಡೇ ಕೇಳಿದಳು.

ಯಾಕೆ ಹಾಗೆ ಮಾಡಿದೆ? ಎಟ್ಟೊರೆ ತಟ್ಟೆ ಬಳಿದದ್ದನ್ನು ಕಣ್ಣಾರೆ ಕಂಡು ಬಂದವನು ಯಾಕೆ ಹಾಗೆ ಮಾಡಿದೆ? ವರ್ಷಕ್ಕೆ ಹತ್ತು ತಿಂಗಳು ನಾನು ಇಲ್ಲದ ಮನೆ ಅದು. ಮಾಡು ಸೋರಿದರೆ ಯಾರನ್ನು ಕರೆಯಬೇಕು, ಮಗಳಿಗೆ ಜ್ವರ ಬಂದರೆ ಯಾವ ಡಾಕ್ಟರು, ನನ್ನ ತಾಯಿಗೆ ಯಾವ ಮಾತ್ರೆ, ಎಲ್ಲ ಅವಳಿಗೆ ಗೊತ್ತು. ನನಗೆ ಉಪ್ಪಿನ ಭರಣಿ ಎಲ್ಲಿದೆ ಎಂದೂ ಗೊತ್ತಿರಲಿಲ್ಲ. ಆ ಮನೆಯಲ್ಲಿ ನನಗೆ ಅವಳಿಗಿಂತ ಹೆಚ್ಚು ಗೊತ್ತಿದ್ದದ್ದು ಈ ಇಟಲಿಯ ಅಡುಗೆ ಒಂದೇ. ಅದನ್ನು ಬಿಟ್ಟುಕೊಡಲು ನನ್ನಿಂದ ಆಗಲಿಲ್ಲ. ಈ ಮಾತು ಹೇಳಲು ನಾಚಿಕೆಯಾಗುತ್ತಿದೆ.

ಅವಳು ಇಟಲಿಯ ಅಡುಗೆಯನ್ನು ಮತ್ತೆ ಮಾಡಲಿಲ್ಲ. ಅಷ್ಟೇ ಆಗಿದ್ದರೆ ಮರೆಯಬಹುದಿತ್ತು. ನಾನು ನಿವೃತ್ತನಾಗಿ ಬಂದ ಮೇಲೆ ಗಮನಿಸಿದೆ, ಬಂಗುಡೆ ಮೀನಿನ ಗಸಿ ಮಾಡಿದರೂ ಸೌಟಿನಲ್ಲಿ ತಂದು ನನ್ನ ಅಂಗೈಗೆ ಹಾಕಿ ಕೇಳುತ್ತಾಳೆ, ಸಮ ಇತ್ತಾ ಎಂದು. ಅವಳ ಅಮ್ಮ ಕಲಿಸಿದ ಗಸಿ ಅದು. ಹೋದ ವರ್ಷ ಪ್ರಣೀತಾಳ ಸೀಮಂತಕ್ಕೆ ಎಲ್ಲರೂ ಜಲಜಕ್ಕನ ಕೈಯ ಗಸಿಯೇ ಆಗಬೇಕು ಎಂದರು. ಅವಳು ಕೈ ಒರೆಸಿಕೊಂಡು, “ಅವ್ರ್ ಮಾಡ್ಲಿ. ನನ್ ಕೈ ಸಮ ಇಲ್ಲೆ” ಎಂದಳು. ಸಿಟ್ಟಿನಿಂದ ಹೇಳಿದ್ದಲ್ಲ. ನಂಬಿ ಹೇಳಿದ್ದು. ಅವತ್ತು ಎಂಬತ್ತು ಜನರಿಗೆ ನಾನೇ ಗಸಿ ಮಾಡಿದೆ, ಎಲ್ಲರೂ ಹೊಗಳಿದರು.

ಇವತ್ತು ಬೆಳಿಗ್ಗೆ ಇಪ್ಪತ್ತಮೂರು ತಟ್ಟೆ ನೋಡಿದೆ. ಹತ್ತೊಂಬತ್ತಕ್ಕೆ ಅಡ್ಡಗೆರೆ ಎಳೆದೆ. ಒಬ್ಬರು ಕರಿಬೇವು ಹಾಕಿದ್ದರು, ಒಬ್ಬರು ಇಟಲಿಯ ಅನ್ನದಡುಗೆಯನ್ನು ಕುಚ್ಚಲಕ್ಕಿಯಲ್ಲಿ ಮಾಡಿದ್ದರು. ಪ್ರತಿ ತಟ್ಟೆಯ ಹಿಂದೆಯೂ ಒಬ್ಬರು ಸೆರಗು ಹಿಡಿದು ನನ್ನ ಬಾಯಿಯನ್ನೇ ನೋಡುತ್ತ ನಿಂತಿದ್ದರು. ಆ ನೋಟವನ್ನು ನಾನು ಮನೆಯಲ್ಲಿ ದಿನಾ ನೋಡುತ್ತೇನೆ. ಹರಿಣಾಕ್ಷಿಯವರೇ, ಆ ಅಂಕಪಟ್ಟಿಯನ್ನು ದಯವಿಟ್ಟು ಓದಬೇಡಿ. ದುಡ್ಡು ತೆಗೆದುಕೊಂಡು ಹೆಸರು ಬರೆದು ಮಾರುವವನಿಗೆ ಅಸಲಿತನ ಬೇಕು. ಮನೆಯಲ್ಲಿ ಒಬ್ಬರು ಇನ್ನೊಬ್ಬರಿಗೆ ಬಡಿಸಿದ್ದಕ್ಕೆ ನಾನು ಅಂಕ ಹಾಕಲಾರೆ.

ಜಲಜ ಇಲ್ಲೇ ಬಂದಿದ್ದಾಳೆ. ಎಡಗಡೆ, ಕಂಬದ ಪಕ್ಕ, ನೀಲಿ ಸೀರೆ. ನಿಮ್ಮೆಲ್ಲರೆದುರು ಅವಳಿಗೆ ಹೇಳುತ್ತೇನೆ, ಅವತ್ತಿನ ಊಟ...

ಯಾಕೆ ಎದ್ದದ್ದು? ಕೂತುಕೊ. ಇನ್ನು ಎರಡೇ ಮಾತು.

ದಾರಿ ಬಿಡಿ ಅವಳಿಗೆ. ತಡೆಯಬೇಡಿ.

ಸಭಿಕರೇ, ಅವಳು ಹೊರಗೆ ಹೋದಳು. ಹೋಗಬೇಕಾದದ್ದೇ. ಸೊಂಟದವರೆಗೆ ನೆನೆದು ತಂದದ್ದನ್ನು ಇನ್ನೂರು ಜನರಿಗೆ ಬಿಚ್ಚಿ ತೋರಿಸಿದೆ. ಹೇಳಲೇ ಎಂದು ಒಂದು ಮಾತು ಅವಳನ್ನು ಕೇಳಲಿಲ್ಲ. ಅಡುಗೆಮನೆಯಲ್ಲಿ ಮೆತ್ತಗೆ ಹೇಳಿದ್ದರೆ ಮುಗಿಯುತ್ತಿದ್ದ ಮಾತಿಗೆ ಮೈಕು ಹಿಡಿದೆ. ತಪ್ಪು ಒಪ್ಪಿಕೊಳ್ಳುವಾಗಲೂ ನಾನೇ ವೇದಿಕೆಯ ಮೇಲೆ, ಅವಳು ಕೆಳಗೆ.

ಈ ಶಾಲನ್ನು ಇಲ್ಲಿ ಕುರ್ಚಿಯ ಮೇಲೆ ಇಡುತ್ತೇನೆ, ತಪ್ಪು ತಿಳಿಯಬೇಡಿ. ಕರೆದದ್ದಕ್ಕೆ, ಕೇಳಿದ್ದಕ್ಕೆ ಮಂಡಲದವರಿಗೂ ನಿಮಗೂ ಋಣಿ. ಊಟಕ್ಕೆ ನನ್ನನ್ನು ಕಾಯಬೇಡಿ. ಅವಳು ಬಸ್ಸು ಹತ್ತುವ ಮೊದಲು ನಾನು ಹೋಗಬೇಕು. ನಮಸ್ಕಾರ.