ಇಬತ್ತಿ ಹಚ್ಚಿದ ಎತ್ತು

ಶಹಾಪುರದ ಬಸ್‌ಸ್ಟ್ಯಾಂಡಿನಲ್ಲಿ ಸುರಪುರದ ಬಸ್ಸಿಗೆ ಕಾದು ಕೂತಿದ್ದ ನುಜ್ಹತಳಿಗೆ, ಪಕ್ಕದ ಕಟ್ಟೆಯ ಇಬ್ಬರು ಹೆಂಗಸರ ಮಾತು ಬೇಡವೆಂದರೂ ಕಿವಿಗೆ ಬಿತ್ತು.

“ಅನ್ನಮ್ಮಕ್ಕ, ನೀವು ಹೇಳಿದಂಗ ನಮ್ಮ ಪಿಂಗಾಣಿ ಬಸವಣ್ಣನ ಹೊಟ್ಟಿ ಕೆಳಗ ನೋಡ್ದೆ. ನೀಲಿ ಗುರ್ತು ಅದರಿ.”

“ಹಂಗಾರ ಅದು ನನ್ನ ಗೋದಲಿ ಎತ್ತ ಅದ, ಉಮಾ. ಕ್ರಿಸ್‌ಮಸ್ಸಿಗಂತ ಹಳೀ ಗೊಂಬಿ ಹುಡುಕಿ ಹುಡುಕಿ ಕೂಡಿಸೀನಿ. ಮರಿಯಮ್ಮ, ಯೋಸೇಫ, ಕುರಿ ಎಲ್ಲಾ ಸಿಕ್ಕಾವ, ಎಲ್ಲಾದರ ಕೆಳಗೂ ಅದ ನೀಲಿ ಗುರ್ತು. ಯೇಸುಕೂಸಿನ ಮಗ್ಗಲ ಎತ್ತಿನ ಜಾಗಾ ಅಷ್ಟ ಖಾಲಿ.”

“ನಮ್ಮತ್ತಿ ಕೆಂಭಾವಿ ಸಂತ್ಯಾಗ ಬಸವಣ್ಣ ಅಂತ ತಂದಾರ. ದೇವರ ಜಗಲಿ ಮ್ಯಾಲಿಟ್ಟು ದಿನಾ ಹಣಿಗಿ ಇಬತ್ತಿ ಹಚ್ತಾರ.”

“ಅವರನ್ನ ಕೇಳಿದೇನು?”

“ಕೇಳ್ದೆ. ಅಲ್ಲಿ ಅದಕ್ಕ ಕೆಲ್ಸ ಇದ್ರ ಕೊಟ್ಟು ಬಾ, ಬರೇ ತೋರಿಕಿಗಿ ಆದ್ರ ತಿರುಗಿ ತಾ ಅಂದಾರ.”



“ಚಳ್ಯಾಗ ಹುಟ್ಟಿದ ಕೂಸಿಗಿ ಉಸಿರು ಬಿಟ್ಟು ಬೆಚ್ಚಗ ಇಡ್ತದ ಅಂತ ಹೇಳು.”

ಉಮಾ ಚೀಲದಿಂದ, ಖಣದಲ್ಲಿ ಸುತ್ತಿದ್ದ ಎತ್ತನ್ನು ತೆಗೆದಳು.

“ಇಬತ್ತಿ ಒರಸಿ ಕೊಡ್ಲೇನ್ರಿ?”

“ಬ್ಯಾಡವ್ವ. ಹಬ್ಬ ಆದಮ್ಯಾಲ ವಾಪಸ್ ತಂದಾಗ ನಿಮ್ಮತ್ತಿಗಿ ಗುರ್ತು ಹತ್ತಬೇಕಲ್ಲ.”

ಯಾದಗಿರಿ ಬಸ್ ಬಂತು. ಎತ್ತಿಗೆ ಚಳಿ ತಾಗದಂತೆ ಸೆರಗು ಮುಚ್ಚಿಕೊಂಡು ಅನ್ನಮ್ಮ ಹತ್ತಿದಳು.