ಕ್ಯಾರಿಯರ್ ಇಲ್ಲದ ಸೈಕಲ್

ಸೈಕಲ್ಲಿನ ಹಿಂಬದಿಯಲ್ಲಿ ಏನಿರಬೇಕು ಎಂಬುದು ಸಂಸಾರದ ಅಳಿವು ಉಳಿವಿನ ಪ್ರಶ್ನೆ. ವಿಜಯನಗರದ ಸೈಕಲ್ ಅಂಗಡಿಯಲ್ಲಿ ಪಂಕ್ಚರ್ ಹಾಕಿಸುತ್ತ ನಿಂತಿದ್ದಾಗ ನನಗಿದು ತಿಳಿಯಿತು. ಐವತ್ತು ದಾಟಿದ ಗಂಡಹೆಂಡತಿ ಬಂದಿದ್ದರು. ಗಂಡ ಗೇರ್ ಸೈಕಲ್ಲೊಂದನ್ನು ಸವರುತ್ತಿದ್ದರು.

“ಚೆನ್ನಾಗೈತೆ. ಆದ್ರೆ ರೀ, ನಾನೆಲ್ಲಿ ಕೂರ್ಲಿ?”

“ಇದಕ್ಕೆ ಕ್ಯಾರಿಯರ್ ಬರಲ್ಲ ಕಣೇ ಪ್ರೇಮಾ.”

“ಮದುವೆಯಾದ ಹೊಸದ್ರಲ್ಲಿ ಡಬಲ್ಸ್ ಕರ್ಕೊಂಡು ಹೋಗ್ತಿದ್ರಲ್ಲ!”

“ಆಗ ನೀನು ಕಡ್ಡಿ ಇದ್ದಂಗಿದ್ದೆ. ಈಗ ನಾಗರಬಾವಿ ಏರು ಹತ್ತೋಕೆ ಗೇರ್ ಬೇಕೇ ಬೇಕು.”

“ನೀವಿನ್ನೂ ಕಡ್ಡೀನೇ ಅಲ್ವಾ? ಆ ಲೇಡೀಸ್ ಸೈಕಲ್‌ಗೆ ಕ್ಯಾರಿಯರ್ ಐತೆ, ತಗೊಳ್ಳಿ. ನಾನೇ ತುಳೀತೀನಿ.”

“ಜನ ನಗಲ್ವೇನೇ?”

“ನಗ್ಲಿ ಬಿಡಿ. ನೀವು ಗಟ್ಟಿಯಾಗಿ ಹಿಡ್ಕೊಂಡ್ರೆ ಸಾಕು.”

ಲೇಡೀಸ್ ಸೈಕಲ್ ಮಾರಾಟವಾಯಿತು. ಆಕೆ ತುಳಿದರು, ಅವರು ಹಿಂದೆ ಕೂತರು.